ತಮ್ಮನ ಕೈ ನೂಲಿನಲ್ಲಿ ತಿಳಿಯುತ್ತದೆ

ಶಿಡ್ಲಘಟ್ಟದ ಈ ಬೀದಿಗೆ ಬೆಳಗಾಗುವುದು ಬೇಯುವ ರೇಷ್ಮೆಗೂಡಿನ ವಾಸನೆಯಿಂದ. ಗಂಗುಲಮ್ಮ ಒಲೆಯ ಮುಂದೆ ಕೂತು, ಕುದಿನೀರಿಗೆ ಬೆರಳಿಟ್ಟು ಎಳೆ ಹಿಡಿಯುತ್ತಾರೆ. ಎದುರಿಗೆ ತಮ್ಮ ಚೆನ್ನರಾಯಪ್ಪ ಚರಕ ತಿರುಗಿಸುತ್ತಾರೆ. ಎಳೆ ಕಡಿಯುತ್ತದೆ. ಗಂಗುಲಮ್ಮ ಗಂಟು ಹಾಕುತ್ತಾರೆ. ಮತ್ತೆ ಕಡಿಯುತ್ತದೆ.

"ಎಷ್ಟು ತಗೊಂಡ್ಯಪ್ಪ?"

"ನೀನು ಕೊಟ್ಟಷ್ಟೇ ಅಕ್ಕ."

"ನಾನು ಕೊಟ್ಟಷ್ಟಕ್ಕೆ ಕೈ ಹಿಂಗೆ ತೂಗಾಡಿ ಎಳೆ ಕಡಿಯಲ್ಲ ಕಣೋ."

ಸ್ವಲ್ಪ ಹೊತ್ತಿಗೆ ಚೆನ್ನರಾಯಪ್ಪ ಸೊಂಟದಿಂದ ಅಫೀಮಿನ ಕಪ್ಪು ಉಂಡೆ ತೆಗೆದು ಅಕ್ಕನ ಪಕ್ಕ ಇಡುತ್ತಾರೆ. ಅದು ಒಲೆಗೆ ಹೋಗುತ್ತದೆ. ಬೈಗುಳವಿಲ್ಲ. ಚರಕ ತಿರುಗುತ್ತದೆ.

ಚೆನ್ನರಾಯಪ್ಪ ಚಿಂತಾಮಣಿಯಿಂದ ಗೂಡು ತರುತ್ತಿದ್ದ ಗಾಡಿಯವರು. ಚಕ್ರ ಕಾಲ ಮೇಲೆ ಹರಿದಾಗ, ನೋವಿಗೆಂದು ಯಾರೋ ಅಫೀಮು ಕೊಟ್ಟರು. ಕಾಲು ವಾಸಿಯಾಯಿತು, ಅಫೀಮು ಉಳಿಯಿತು. ಸರ್ಕಾರ ಅಫೀಮಿನ ಅಂಗಡಿ ಮುಚ್ಚಿಸಿ ಕೆಲವು ವರ್ಷವಾದರೂ ಕದ್ದು ಬರುವುದು ನಿಂತಿಲ್ಲ.

ಗಂಗುಲಮ್ಮ ಮೊದಲು ಮಾಡಿದ್ದು ತಪ್ಪು. ತಮ್ಮನನ್ನು ಹಿಪ್ಪುನೇರಳೆ ಸೊಪ್ಪಿಡುವ ಕೋಣೆಗೆ ಹಾಕಿ ಬೀಗ ಜಡಿದರು. "ಮೂರನೇ ದಿನಕ್ಕೆ ವಾಂತಿ, ಭೇದಿ, ನಡುಕ. ಸತ್ತೇಹೋಗ್ತಾನೆ ಅನ್ಕೊಂಡೆ. ಡಾಕ್ಟರು ನನಗೇ ಬೈದ್ರು, ಒಂದೇ ಸಲಕ್ಕೆ ನಿಲ್ಲಿಸ್ತಾರೇನಮ್ಮ ಅಂತ." ಈಗ ಡಾಕ್ಟರ ಚೀಟಿಗೆ ಸಿಗುವ ಉಂಡೆ ಇವರ ಸೆರಗಿನಲ್ಲಿರುತ್ತದೆ. ಚಾಕುವಿಗೆ ಅಂಟುತ್ತದೆಂದು ರೇಷ್ಮೆ ಎಳೆಯಿಂದ ಕೊಯ್ಯುತ್ತಾರೆ. ಮೊದಲು ದಿನಕ್ಕೆ ಎರಡು ಉಂಡೆ, ಈಗ ಕಾಲು ಉಂಡೆ. ದಿನಕ್ಕೆ ನಲವತ್ತು ಸಲ ಕಡಿಯುತ್ತಿದ್ದ ಎಳೆ ಈಗ ಐದಾರು ಸಲ.

"ಪೊಲೀಸ್ನೋರು ಜೇಬು ನೋಡ್ತಾರೆ, ನಮ್ಮಕ್ಕ ದಾರ ನೋಡ್ತಾಳೆ. ಪೊಲೀಸ್ನೋರೇ ವಾಸಿ," ಎಂದು ಚೆನ್ನರಾಯಪ್ಪ ನಗುತ್ತಾರೆ.

ಚರಕದ ಮಾಲೀಕ ವೆಂಕಟರವಣಪ್ಪ ಯುಗಾದಿಯವರೆಗೆ ಗಡುವು ಕೊಟ್ಟಿದ್ದರು: "ನೂಲು ಕೆಟ್ಟರೆ ನೀನಿರಮ್ಮ, ಅವನು ಬೇಡ." ನಾಳೆ ಯುಗಾದಿ. ಸಂಜೆ ಅವರು ಬಂದು ನೂಲಿನ ಲಡಿ ಕೈಗೆತ್ತಿಕೊಳ್ಳುತ್ತಾರೆ. ಚೆನ್ನರಾಯಪ್ಪ ನೆಲ ನೋಡುತ್ತಾ ನಿಂತಿದ್ದಾರೆ.

"ಬೆಳಿಗ್ಗೆ ಎರಡು ಸಲ ಕಡೀತಣ್ಣ. ಕದ್ದು ತಿಂದಿದ್ದ. ಮಿಕ್ಕಿದ್ದನ್ನ ತಾನೇ ತೆಗೆದು ಕೊಟ್ಟ," ಎನ್ನುತ್ತಾರೆ ಗಂಗುಲಮ್ಮ.

ವೆಂಕಟರವಣಪ್ಪ ಎಳೆಯನ್ನು ಬೆರಳಲ್ಲಿ ಉಜ್ಜುತ್ತಾ ಗಂಟು ಹುಡುಕುತ್ತಾರೆ. ಗಂಗುಲಮ್ಮನ ಗಂಟು ಅಷ್ಟು ನಯ, ಬೆರಳಿಗೆ ಸಿಗುವುದಿಲ್ಲ. "ಹಬ್ಬ ಕಳೆದ ಮೇಲೆ ಇಬ್ರೂ ಬನ್ನಿ," ಎಂದು ಲಡಿ ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆ.

ಹದಿನಾಲ್ಕು ವರ್ಷದಿಂದ ಬೆಂದು ಬಿಳುಚಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವ ಗಂಗುಲಮ್ಮನಿಗೆ ದೊಡ್ಡ ಆಸೆಯೇನಿಲ್ಲ. "ಆ ಕಾಲು ಉಂಡೇನೂ ಹೋಗ್ಲಿ, ಸಾಕು. ಬೀದಿಯೋರು ನನ್ನನ್ನ ಅಫೀಮಿನೋನ ಅಕ್ಕ ಅಂತಾರೆ. ಅನ್ಲಿ ಬಿಡಿ. ಅಕ್ಕ ತಾನೆ."