ಹಾಕಿ ತಂಡವೂ ನಮ್ಮ ಅತ್ತೆಯ ಕಾಲ್ಗುಣವೂ

ನನಗೆ ಸಿಟ್ಟು ಬಂದಿದೆ. ಬಂದು ಆರು ತಿಂಗಳ ಮೇಲಾಯಿತು, ಇನ್ನೂ ಇಳಿದಿಲ್ಲ. ಐವತ್ತಾರು ವರ್ಷದವನಿಗೆ, ಅದರಲ್ಲೂ ಬೆಳಗಾದರೆ ಬಿಪಿ ಮಾತ್ರೆ ನುಂಗುವವನಿಗೆ, ಇಷ್ಟು ದೀರ್ಘವಾದ ಸಿಟ್ಟು ಒಳ್ಳೆಯದಲ್ಲವೆಂದು ಹೆಂಡತಿ ವಿದ್ಯಾ ಹೇಳುತ್ತಾಳೆ. ಸಿಟ್ಟು ಅವಳ ಮೇಲಲ್ಲ. ಮಿಲ್ಪಿಟಾಸಿನ ಆಫೀಸಿನಲ್ಲಿ ದಿನಕ್ಕೆ ನಾಲ್ಕು ಮೀಟಿಂಗು ಕರೆಯುವ ಮ್ಯಾನೇಜರನ ಮೇಲೂ ಅಲ್ಲ. ಸ್ಯಾನ್ ಹೊಸೆಯ ನಮ್ಮ ಐಸ್ ಹಾಕಿ ತಂಡದ ಮೇಲೆ.

'ನಮ್ಮ' ಎಂದದ್ದಕ್ಕೆ ನೀವು ನಗಬಹುದು. ನಾನು ಧಾರವಾಡದವನು. ನಮ್ಮ ಕಡೆ ಐಸು ಎಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿಚೀಲದಲ್ಲಿ ಸುತ್ತಿಟ್ಟುಕೊಂಡು, ಕುಟ್ಟಿ ಪುಡಿ ಮಾಡಿ ಗ್ಲಾಸಿಗೆ ಹಾಕುವ ವಸ್ತು. ಅದರ ಮೇಲೆ ಮನುಷ್ಯರು ನಿಲ್ಲಬಹುದು, ಕೋಲು ಹಿಡಿದು ಜಾರುತ್ತ ಓಡಬಹುದು, ಓಡುತ್ತಲೇ ಒಬ್ಬರನ್ನೊಬ್ಬರು ಗೋಡೆಗೆ ಜಜ್ಜಬಹುದು, ಅದನ್ನು ನೋಡಲು ಊರಿನ ಜನ ಸ್ವೆಟರ್ ಹಾಕಿಕೊಂಡು ಬರಬಹುದು ಎಂಬುದೆಲ್ಲ ಈ ದೇಶಕ್ಕೆ ಬಂದು ಎಷ್ಟೋ ವರ್ಷಗಳವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಒಮ್ಮೆ ಆಫೀಸಿನ ಗೆಳೆಯನೊಬ್ಬ ಕರೆದುಕೊಂಡು ಹೋದ. ಆಟ ಅರ್ಥವಾಗಲಿಲ್ಲ, ಆದರೆ ಗಂಟಲು ಬಿದ್ದುಹೋಗುವವರೆಗೆ ಕೂಗಿದೆ. ಮನೆಯಲ್ಲಿ ಕೂಗಲು ಅವಕಾಶವಿಲ್ಲದ ಗಂಡಸಿಗೆ ಅಷ್ಟು ಸಾಕು. ಅಂದಿನಿಂದ ಪ್ರತಿ ವರ್ಷ ಇಡೀ ಸೀಸನ್ನಿಗೆ ಎರಡು ಸೀಟು ಕಾದಿರಿಸುತ್ತೇನೆ. ಒಂದು ನನ್ನದು, ಇನ್ನೊಂದು ವಿದ್ಯಾಳದು. ವಿದ್ಯಾ ಎರಡು ಸಲ ಬಂದು, ಫ್ರಿಜ್ಜಿನೊಳಗೆ ಕೂರುವ ಹಣೆಬರಹ ತನಗಿಲ್ಲವೆಂದು ಹೇಳಿ ಬಿಟ್ಟುಬಿಟ್ಟಳು.

ಆಟವೇನೂ ಕಠಿಣವಲ್ಲ. ಚೆಂಡಿನ ಬದಲು ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಅದನ್ನು ಎದುರಾಳಿಯ ಗೋಲಿನೊಳಕ್ಕೆ ಹೊಡೆಯಬೇಕು. ನಮ್ಮವರು ಈ ಸೀಸನ್ನಿನಲ್ಲಿ ಅದನ್ನು ಬೇರೆ ಎಲ್ಲ ದಿಕ್ಕಿಗೂ ಹೊಡೆದರು. ಒಮ್ಮೆ ಮೂರು ಗೋಲು ಮುಂದಿದ್ದು ಸೋತರು. ಒಮ್ಮೆ ನಮ್ಮ ಗೋಲ್‌ಕೀಪರ್ ದೇವರಂತೆ ಎಲ್ಲವನ್ನೂ ತಡೆದು ನಿಂತಿದ್ದಾಗ, ನಮ್ಮವನೇ ಒಬ್ಬ ಹಿಂದಿನಿಂದ ಬಂದು ಪಕ್ಕನ್ನು ನಮ್ಮದೇ ಬಲೆಗೆ ತಳ್ಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರಿಗೆ ಆ ನೆವವೂ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಒಂದು ದೊಡ್ಡ ಗಾಡಿ ತಂದು ನೆಲವನ್ನು ಕನ್ನಡಿಯಷ್ಟು ನುಣುಪು ಮಾಡಿಕೊಡುತ್ತಾರೆ. ಆಮೇಲೆ ನಮ್ಮವರು ಬಂದು ಅದರ ಮೇಲೆ ಅಚ್ಚುಕಟ್ಟಾಗಿ ಸೋಲುತ್ತಾರೆ.

ಇದಿಷ್ಟೇ ಆಗಿದ್ದರೆ ನನ್ನ ಸಿಟ್ಟು ಎರಡು ವಾರದಲ್ಲಿ ಇಳಿಯುತ್ತಿತ್ತು. ಸೋಲು ನನಗೆ ಹೊಸದಲ್ಲ. ಆದರೆ ಈ ಸಲ ಉಡುಪಿಯಿಂದ ಅತ್ತೆ ಬಂದಿದ್ದರು. ವಿದ್ಯಾಳ ತಾಯಿ, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದರೆ, ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಗ್ರಹಣ ತೋರಿಸಿ, ಅಲ್ಲೇ ಅವಲಕ್ಕಿ ತಿನ್ನಿಸಿ ಕಳಿಸಿದ ಗಟ್ಟಿ ಹೆಂಗಸು. ಅಕ್ಟೋಬರಿನಲ್ಲಿ ಬಂದರು, ಏಪ್ರಿಲ್ಲಿನಲ್ಲಿ ಹೊರಡುವವರು. ಹಾಕಿಯ ಸೀಸನ್ನೂ ಹೆಚ್ಚುಕಡಿಮೆ ಅಷ್ಟೇ. ವಿದ್ಯಾಳ ಖಾಲಿ ಸೀಟಿಗೆ ಅವರನ್ನು ಕರೆದುಕೊಂಡು ಹೋದೆ.

ಅತ್ತೆಗೆ ಆಟ ಹಿಡಿಸಿತು. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ವಿದ್ಯಾಳ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು ಹಾಕಿಕೊಂಡು ಮುಂದಕ್ಕೆ ಬಾಗಿ ಕೂರುತ್ತಿದ್ದರು. "ಘರ್ಷಣೆ ಇಲ್ಲದಲ್ಲಿ ನಿಲ್ಲುದೇ ಕಷ್ಟ. ಇವರು ಗಕ್ಕನೆ ತಿರುಗ್ತಾರಲ್ಲ ಮಾರಾಯ್ರೆ" ಎಂದು ಆಶ್ಚರ್ಯಪಡುತ್ತಿದ್ದರು. ಎಲ್ಲಕ್ಕಿಂತ ಇಷ್ಟವಾದದ್ದು ನೆಲ ನುಣುಪು ಮಾಡುವ ಗಾಡಿ. ಅದು ಸುತ್ತು ಹಾಕಿ ಹೋದ ಮೇಲೆ ಸೆಗಣಿ ಸಾರಿಸಿದ ಅಂಗಳದ ಹಾಗೆ ಚಂದ ಕಾಣುತ್ತದೆ ಎಂದರು. ಅಂಗಳವೇನೋ ಚಂದವಿತ್ತು. ಆದರೆ ಅತ್ತೆ ಹೋದ ಪಂದ್ಯಗಳನ್ನೆಲ್ಲ ನಮ್ಮ ತಂಡ ತಪ್ಪದೆ ಸೋತಿತು.

ಇನ್ನು ನನ್ನ ತಪ್ಪೊಪ್ಪಿಗೆ. ಸಂಕ್ರಾಂತಿಯ ದಿನ ನಾಲ್ಕಾರು ಗೆಳೆಯರ ಸಂಸಾರಗಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದವು. ಅತ್ತೆ ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಲ್ಲಿ ಕೆಸುವಿನೆಲೆ ಹುಡುಕಿ ತರಿಸಿ ಪತ್ರೊಡೆ ಮಾಡಿದ್ದರು. ಮಾತು ಹಾಕಿಯ ಕಡೆ ಹೊರಳಿತು. ಯಾರೋ ನಿಮ್ಮ ಟೀಮಿಗೆ ಏನಾಗಿದೆ ಎಂದು ಕೇಳಿದರು. ನಾನು ಬಾಯಿ ತುಂಬ ಪತ್ರೊಡೆ ಇಟ್ಟುಕೊಂಡೇ ಹೇಳಿದೆ: "ನಮ್ಮ ಅತ್ತಿ ಬಂದಾಗಿಂದ ಒಂದೂ ಗೆದ್ದಿಲ್ಲ ನೋಡ್ರಿ. ಎಲ್ಲಾ ಕಾಲ್ಗುಣ." ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ನಕ್ಕು ನನ್ನ ತಟ್ಟೆಗೆ ಇನ್ನೆರಡು ತುಂಡು ಹಾಕಿದರು. ಜೋಕು ಚೆನ್ನಾಗಿ ಬಿತ್ತೆಂದು ನಾನು ಹಿಗ್ಗಿದೆ.

ಮುಂದಿನ ಪಂದ್ಯದಲ್ಲಿ ನೋಡಿದರೆ ಅತ್ತೆ ಕಾಲನ್ನು ನೆಲದ ಮೇಲೆ ಇಟ್ಟಿರಲಿಲ್ಲ. ಸೀಟಿನ ಕೆಳಗಿದ್ದ ತಮ್ಮ ಬ್ಯಾಗನ್ನು ಮುಂದಕ್ಕೆಳೆದು, ಅದರ ಮೇಲೆ ಎರಡೂ ಪಾದ ಜೋಡಿಸಿಟ್ಟು ಕೂತಿದ್ದರು. ಛಳಿ ಇರಬೇಕೆಂದುಕೊಂಡೆ. ಅದರ ಮುಂದಿನ ಪಂದ್ಯಕ್ಕೆ ದಪ್ಪ ಉಲ್ಲನ್ ಕಾಲುಚೀಲ ತಂದುಕೊಟ್ಟೆ. ಅದನ್ನು ಹಾಕಿಕೊಂಡರು, ಪಾದ ಮತ್ತೆ ಬ್ಯಾಗಿನ ಮೇಲೇ ಹೋಯಿತು. "ಯಾಕ್ರೀ ಅತ್ತಿ, ಇನ್ನೂ ಥಂಡಿ ಅನಸ್ತದೇನು?" ಎಂದು ಕೇಳಿದೆ. "ಇಲ್ಲಪ್ಪ, ಹೀಗೇ ಒಂದು ನೋಡುವ ಅಂತ" ಎಂದರು. ಏನನ್ನು ನೋಡುವುದು ಎಂದು ನಾನು ಕೇಳಲಿಲ್ಲ. ಅಂದೂ ಸೋತೆವು.

ಮನೆಗೆ ಬಂದು ವಿದ್ಯಾಳಿಗೆ ಹೇಳಿದಾಗ ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಒಂದು ಹಳೆಯ ಕಥೆ ಹೇಳಿದಳು. ಅತ್ತೆ ಮದುವೆಯಾಗಿ ಬಂದ ಮೂರನೆಯ ದಿನ ಅವರ ಮಾವನ ಬಸ್ಸು ಗದ್ದೆಗೆ ಉರುಳಿತ್ತಂತೆ. ಯಾರಿಗೂ ಪೆಟ್ಟಾಗಲಿಲ್ಲ, ಡ್ರೈವರು ತೂಕಡಿಸಿದ್ದನ್ನು ಅವನೇ ಒಪ್ಪಿಕೊಂಡಿದ್ದ. ಆದರೂ ಜಗಲಿಯಲ್ಲಿ ಕೂತಿದ್ದ ಯಾರೋ ದೊಡ್ಡವರು ವೀಳ್ಯದೆಲೆ ಮಡಚುತ್ತ, ಹೊಸ ಸೊಸೆಯ ಕಾಲ್ಗುಣ ಎಂದರಂತೆ. ಅದೂ ತಮಾಷೆಗೇ. ಎಲ್ಲರೂ ನಕ್ಕಿದ್ದರಂತೆ. ಅಂದಿನಿಂದ ಅತ್ತೆ ಯಾವ ಹೊಸ ಮನೆಗೂ ಮೊದಲು ಕಾಲಿಟ್ಟವರಲ್ಲ. ಆಗ ನನಗೆ, ಹಿಂದೊಮ್ಮೆ ಅತ್ತೆ ಇಲ್ಲಿಗೆ ಬಂದಿದ್ದಾಗ ಆದ ನಮ್ಮ ಗೃಹಪ್ರವೇಶ ನೆನಪಾಯಿತು. ಅಂದು ನಾವೆಲ್ಲ ಒಳಗೆ ಹೋಗಿ ಹಾಲು ಉಕ್ಕಿಸುವವರೆಗೂ ಅತ್ತೆ ಡ್ರೈವ್‌ವೇಯಲ್ಲಿ ಕಾರಿನೊಳಗೇ ಕೂತಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದಾರೆಂದು ನಾನು ತಿಳಿದಿದ್ದೆ.

ಈ ಕಾಲ್ಗುಣ ಎಂಬ ಮಾತಿನ ಬಗ್ಗೆ ನಾನು ಆ ವಾರವೆಲ್ಲ ಯೋಚಿಸಿದೆ. ನಮ್ಮ ಜನ ಮೈಯ ಒಂದೊಂದು ಭಾಗಕ್ಕೂ ಒಂದೊಂದು ಗುಣ ಹಚ್ಚಿದ್ದಾರೆ. ಕೈಗುಣ ಡಾಕ್ಟರದು, ಅಡುಗೆಯವರದು. ಅದನ್ನು ಹೊಗಳುವುದಕ್ಕೆ ಹೇಳುತ್ತಾರೆ, ಮತ್ತು ಅದಕ್ಕೆ ಕೈಯಲ್ಲಿ ಏನಾದರೂ ಕೆಲಸ ಮಾಡಿ ತೋರಿಸಿರಬೇಕು. ಕಾಲ್ಗುಣಕ್ಕೆ ಅಂಥ ಕಷ್ಟವೇನಿಲ್ಲ, ಸುಮ್ಮನೆ ಬಂದು ನಿಂತರೆ ಸಾಕು. ಒಳ್ಳೆಯ ಕಾಲ್ಗುಣ ಎನ್ನುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಒಳ್ಳೆಯದಾದರೆ ಗಂಡ ಪಟ್ಟ ಶ್ರಮ ಎಂದು ಹೇಳಿ, ಕೆಟ್ಟದ್ದಾದರೆ ಮಾತ್ರ ಸೊಸೆಯ ಪಾದ ನೋಡುವವರೇ ಹೆಚ್ಚು. ಅಳಿಯನ ಕಾಲ್ಗುಣ ಎಂಬ ಮಾತನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ. ನಾನು ಮದುವೆಯಾದ ವರ್ಷ ಮಾವನ ಮನೆಯ ಬಾವಿ ಬತ್ತಿತು, ಹಿತ್ತಲ ಗೋಡೆ ಕುಸಿಯಿತು. ನನ್ನ ಬೂಟಿನ ಕಡೆ ಯಾರೂ ನೋಡಲಿಲ್ಲ, ಹೋಳಿಗೆ ಬಡಿಸಿದರು.

ಕ್ಷಮೆ ಕೇಳಬೇಕೆಂದು ಒಂದು ದಿನ ಚಹಾ ಕುಡಿಯುವಾಗ ಬಾಯಿ ತೆರೆದೆ. "ಅತ್ತೀ, ಅವತ್ತು ನಾ ಚಾಷ್ಟಿಗೆ ಅಂದದ್ದು." ಅವರು ಸಮಾಧಾನವಾಗಿಯೇ ಹೇಳಿದರು: "ನನಗೆ ಗೊತ್ತುಂಟು. ಜಗಳದಲ್ಲಿ ಹೇಳಿದ್ದು ಮರೆತುಹೋಗ್ತದೆ. ತಮಾಷೆಗೆ ಹೇಳಿದ್ದು ಕಾಲಿಗೆ ಅಂಟಿಕೊಳ್ತದೆ." ನನ್ನ ಚಹಾ ಆರಿಹೋಯಿತು. ಬಾಯಿಮಾತಿನಿಂದ ಇದು ಸರಿಹೋಗುವುದಿಲ್ಲ ಎಂದು ಗೊತ್ತಾಯಿತು. ಅತ್ತೆ ವಿಮಾನ ಹತ್ತುವ ಮೊದಲು, ಅವರ ಕಣ್ಣೆದುರು, ತಂಡ ಒಂದೇ ಒಂದು ಸಲ ಗೆಲ್ಲಬೇಕು.

ನನ್ನ ಸಿಟ್ಟಿನ ಮೂಲ ಇದು. ಟ್ರೋಫಿ ಗೆಲ್ಲಿರೆಂದು ನಾನು ಕೇಳಲಿಲ್ಲ. ಒಂದು ಪಂದ್ಯ. ಅದಕ್ಕಾಗಿ ಗಣಪತಿಗೆ ತೆಂಗಿನಕಾಯಿ ಹೇಳಿಕೊಂಡೆ. ಆಮೇಲೆ ಸಂಖ್ಯೆಯನ್ನು ಐದಕ್ಕೆ ಏರಿಸಿದೆ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಅತ್ತೆ ಹೋಗದ ದಿನ, ದೂರದ ಊರುಗಳಲ್ಲಿ, ಈ ಪುಣ್ಯಾತ್ಮರು ಆಗೊಮ್ಮೆ ಈಗೊಮ್ಮೆ ಗೆದ್ದುಬರುತ್ತಿದ್ದರು. ಬ್ಯಾಗಿನ ಮೇಲೆ ಆ ಎರಡು ಪಾದಗಳನ್ನು ಕಂಡ ದಿನ ಮಾತ್ರ ತಪ್ಪದೆ ಸೋಲುತ್ತಿದ್ದರು. ನನಗೆ ಆ ಹೆಲ್ಮೆಟ್ಟಿನ ಗಂಡುಗಳ ಕಿವಿ ಹಿಂಡಿ ಹೇಳಬೇಕೆನಿಸುತ್ತಿತ್ತು: ಒಬ್ಬ ವಿಜ್ಞಾನದ ಟೀಚರು ನಿಮ್ಮಿಂದಾಗಿ ವಿಜ್ಞಾನ ಬಿಡುತ್ತಿದ್ದಾರೆ.

ಸೀಸನ್ನಿನ ಕೊನೆಯ ಪಂದ್ಯ ಸ್ಯಾನ್ ಹೊಸೆಯಲ್ಲೇ, ಒಂದು ಶನಿವಾರ ಮಧ್ಯಾಹ್ನ. ಮೂರು ದಿನಕ್ಕೆ ಅತ್ತೆಯ ವಿಮಾನ. "ನೀವು ಹೋಗಿಬನ್ನಿ. ನಾನು ಮನೆಯಲ್ಲಿರ್ತೇನೆ. ಪಾಪ, ಒಂದಾದರೂ ಗೆಲ್ಲಲಿ" ಎಂದರು. ವಿದ್ಯಾ ಜಾಕೆಟ್ಟು ತಂದು ಅವರ ಕೈಗಿಟ್ಟಳು. ಅತ್ತೆ ಹೊರಟರು.

ನನ್ನ ಪಕ್ಕದ ಸೀಟಿನವನು ಟೋನಿ. ಊರೊಳಗೆ ಓಡಾಡುವ ಲೈಟ್ ರೈಲು ಓಡಿಸಿ ನಿವೃತ್ತನಾದ ಮುದುಕ, ತಂಡ ಹುಟ್ಟಿದಾಗಿನಿಂದ ನೋಡುತ್ತ ಬಂದವನು. ಅಂದು ಅವನು ವಿಚಿತ್ರ ಖುಷಿಯಲ್ಲಿದ್ದ. ಇವತ್ತು ದೇವರ ದಯೆಯಿಂದ ಸೋತುಬಿಟ್ಟರೆ ಸಾಕು ಎಂದ. ನನಗೆ ಕಿವಿ ಸರಿಯಿಲ್ಲವೇನೋ ಅನಿಸಿತು. ಅವನು ತಾಳ್ಮೆಯಿಂದ ವಿವರಿಸಿದ. ಸೀಸನ್ ಮುಗಿದ ಮೇಲೆ ಹೊಸ ಹುಡುಗರನ್ನು ತಂಡಗಳಿಗೆ ಹಂಚುತ್ತಾರೆ. ಯಾರು ಮೊದಲು ಆರಿಸಬೇಕೆಂದು ಚೀಟಿ ಎತ್ತುತ್ತಾರೆ. ಕೊನೆಯ ಸ್ಥಾನದವರ ಹೆಸರಿಗೆ ಎಲ್ಲರಿಗಿಂತ ಹೆಚ್ಚು ಅವಕಾಶ. ಅದಕ್ಕೇ ನಮ್ಮ ತಂಡ ನಡೆಸುವವರು ಒಳ್ಳೆಯ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ಕಳಿಸಿದ್ದು. ಆಡುವವರು ಪಾಪ ಪ್ರಾಮಾಣಿಕವಾಗಿಯೇ ಆಡುತ್ತಾರೆ, ಆದರೆ ಗೆಲ್ಲುವಂಥ ತಂಡವನ್ನು ಕಟ್ಟಿಯೇ ಇಲ್ಲ. ಕೆಳಗಿನಿಂದ ಮೊದಲಿಗರಾಗಲು ಇನ್ನೊಂದೇ ಸೋಲು ಬಾಕಿ. ಇದಕ್ಕೆ ಪುನರ್ನಿರ್ಮಾಣ ಎನ್ನುತ್ತಾರೆ ಎಂದ.

ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಈ ಆಟ ನೋಡಿದ ಮೂರ್ಖನಿಗೆ ಇದು ಈಗ ಗೊತ್ತಾಗಬೇಕೆ? ಪಿಯುಸಿಯಲ್ಲಿ ಫೇಲಾದವನನ್ನು ಕರೆದು ಮೆಡಿಕಲ್ ಸೀಟು ಕೊಡುವ ವ್ಯವಹಾರ ಇದು. ಗಣಪತಿಯನ್ನೂ ಐದು ಕಾಯಿಗಳನ್ನೂ ಇದರ ನಡುವೆ ಸಿಕ್ಕಿಸಿದೆನಲ್ಲ. ಇದನ್ನೆಲ್ಲ ಹಲ್ಲು ಕಡಿಯುತ್ತ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಮಂಕಿ ಕ್ಯಾಪನ್ನು ಕಿವಿಯಿಂದ ಮೇಲಕ್ಕೆ ಸರಿಸಿ ಕೇಳಿಸಿಕೊಂಡರು.

"ಅಂದರೆ ಇವರು ಸೋಲುದು ಅಂತ ಮೊದಲೇ ಲೆಕ್ಕ ಹಾಕಿಟ್ಟದ್ದಾ?"

"ಹೌದ್ರೀ. ನೀವು ಬರೋ ಮೊದಲ ಠರಾವ್ ಆಗೇತಿ."

"ನಾನು ಉಡುಪಿಯಲ್ಲಿ ಇರುವಾಗಲೇ?"

"ಉಡುಪಿಯೊಳಗ ಇರುವಾಗಲೇ."

ಅವರು ಆ ಹೊಳೆಯುವ ನೆಲದ ಕಡೆ ನೋಡಿದರು. ಆಮೇಲೆ ಬ್ಯಾಗಿನ ಮೇಲಿಂದ ಪಾದಗಳನ್ನು ಒಂದೊಂದಾಗಿ ಇಳಿಸಿ, ಕಾಂಕ್ರೀಟಿನ ಮೇಲೆ ಗಟ್ಟಿಯಾಗಿ ಊರಿದರು. "ಇಷ್ಟು ದಿನ ಸುಮ್ಮನೆ ಮೊಣಕಾಲು ನೋಯಿಸಿಕೊಂಡೆ" ಎಂದರು. ನನಗೆ ಕಣ್ಣು ಮಂಜಾಯಿತು. ಛಳಿಯ ನೆಪ ಇತ್ತು, ಬಚಾವಾದೆ.

ಅಂದು ನಮ್ಮ ತಂಡ ಗೆದ್ದಿತು. ಕೊನೆಯ ನಿಮಿಷದಲ್ಲಿ, ಸೀಸನ್ನಿಡೀ ಯಾರೂ ಹೆಸರು ಕೇಳದ ಒಬ್ಬ ಹುಡುಗ ಬಿದ್ದುಕೊಂಡೇ ಕೋಲು ಬೀಸಿದ, ಪಕ್ಕು ಯಾರದೋ ಕಾಲಿಗೆ ತಾಗಿ ಒಳಗೆ ಹೋಯಿತು. ನಾನು ಕುಣಿದೆ, ಅತ್ತೆ ಎದ್ದುನಿಂತು ಚಪ್ಪಾಳೆ ತಟ್ಟಿದರು. ಸುತ್ತಮುತ್ತ ನೋಡಿದರೆ ಅರ್ಧ ಜನ ಎಳ್ಳುನೀರು ಬಿಟ್ಟವರಂತೆ ಕೂತಿದ್ದರು. ಟೋನಿ ತಲೆ ಮೇಲೆ ಕೈ ಹೊತ್ತಿದ್ದ. ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಕೋರ್ಟು ಕಚೇರಿ ನೋಡಿ ಹೇಳಿದ್ದು. ಹಾಕಿ ನೋಡಿದ್ದರೆ ಇನ್ನೂ ಜೋರಾಗಿ ಹೇಳುತ್ತಿದ್ದರು.

"ಇವನಿಗೆ ಎಂತಾಯ್ತು?" ಎಂದು ಅತ್ತೆ ಕೇಳಿದರು.

ಗೆದ್ದದ್ದರಿಂದ ಕೊನೆಯ ಸ್ಥಾನ ತಪ್ಪಿಹೋಯಿತು, ಚೀಟಿಯಲ್ಲಿ ಅವಕಾಶ ಕಡಿಮೆಯಾಯಿತು ಎಂದೆ. ಅತ್ತೆ ನಗತೊಡಗಿದರು. "ಹಾಗಾದರೆ ಇವತ್ತು ಕೂಡ ನನ್ನ ಕಾಲ್ಗುಣವೇ ಹಾಳು ಅಂತಾಯ್ತಲ್ಲ" ಎಂದು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಫ್ರೀವೇಯ ಮೇಲೆ ಮನೆ ಮುಟ್ಟುವವರೆಗೂ ನಡುನಡುವೆ ನಗುತ್ತಲೇ ಇದ್ದರು.

ಅವರು ಊರಿಗೆ ಹೋದ ಮೇಲೆ ಮೇ ತಿಂಗಳಲ್ಲಿ ಚೀಟಿ ಎತ್ತಿದರು. ಕೊನೆಯ ಸ್ಥಾನ ತಪ್ಪಿದ್ದರೂ ಮೊದಲ ಆಯ್ಕೆ ನಮಗೇ ಬಂತು. ಟೋನಿ ಆ ಕೂಡಲೇ ನನಗೆ ಮೆಸೇಜು ಕಳಿಸಿದ, ನಿನ್ನ ಅತ್ತೆ ಮತ್ತೆ ಯಾವಾಗ ಬರುತ್ತಾರೆ ಎಂದು. ನಾನು ಉಡುಪಿಗೆ ಫೋನು ಮಾಡಿ, ನೋಡ್ರಿ ಅತ್ತಿ, ಕಡೀಕ ನಿಮ್ಮ ಕಾಲ್ಗುಣ ಛಲೋನೇ ಆತು ಎಂದೆ.

"ಅದು ನಾನು ವಿಮಾನ ಹತ್ತಿದ ಮೇಲೆ ಬಂದ ಭಾಗ್ಯ ಅಲ್ವಾ?" ಎಂದರು ಅತ್ತೆ. "ಕಾಲು ಆಚೆ ಹೋದದ್ದೇ ಒಳ್ಳೆಯದಾಯ್ತು ಅಂತಲೂ ಹೇಳಬಹುದು. ಕಾಲಲ್ಲಿ ಎಂತದೂ ಇಲ್ಲ, ಎಲ್ಲ ಹೇಳುವವರ ಬಾಯಲ್ಲಿ ಇರುದು." ಆ ಬಾಯಿ ಯಾರದೆಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಅವರೇ ಅವಸರ ಮಾಡಿದರು: "ಫೋನು ಇಡ್ತೇನೆ. ನಾಳೆ ಬೆಳಿಗ್ಗೆ ಮೇಲಿನ ಫ್ಲ್ಯಾಟಿನವರ ಮನೆ ಒಕ್ಕಲು, ಬೇಗ ಏಳಬೇಕು. ಎಲ್ಲರಿಗಿಂತ ಮೊದಲು ನಾನೇ ಒಳಗೆ ಹೋಗುದು ಅಂತ ಮಾಡಿದ್ದೇನೆ. ನಾಳೆ ಅವರಿಗೆ ಏನಾದರೂ ಹೆಚ್ಚುಕಡಿಮೆ ಆದರೆ ನಿಮ್ಮ ಹಾಕಿಯವರ ಹತ್ತಿರ ಕೇಳ್ಲಿ."