ಸಿದ್ಧಕಟ್ಟೆಯ ಮನೆ ಮತ್ತು ಅಚ್ಚಾಗದ ಒಂದು ತಿದ್ದುಪಡಿ

2023ರಲ್ಲಿ ನಾನು ಒಂದು ಕನ್ನಡ ದಿನಪತ್ರಿಕೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ವರದಿಗಾರನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕಚೇರಿ ಎಂದರೆ ಮೂಡುಬಿದಿರೆ ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರ್, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಇರುತ್ತಿತ್ತು. ಯಾರಾದರೂ ಬಂದರೆ ಅದನ್ನು ನೆಲಕ್ಕಿಳಿಸಬೇಕಿತ್ತು. ವಾರಕ್ಕೆ ಒಂದೆರಡು ಸಲ ಇಳಿಸುತ್ತಿದ್ದೆ. ವರದಿಗಾರನಿಗೆ ಊರೆಲ್ಲ ಪರಿಚಯ ಎನ್ನುತ್ತಾರೆ. ಪರಿಚಯ ಇತ್ತು. ಅಪಘಾತವಾದರೆ, ಚರಂಡಿ ಕಟ್ಟಿಕೊಂಡರೆ, ಮೊದಲು ನನಗೇ ಫೋನ್ ಬರುತ್ತಿತ್ತು. ಊಟ ಆಯಿತಾ ಎಂದು ಕೇಳುವುದಕ್ಕೆ ಯಾರೂ ಫೋನ್ ಮಾಡುತ್ತಿರಲಿಲ್ಲ.

ಆ ವರ್ಷ ಏಪ್ರಿಲಿನಲ್ಲಿ ಸಿದ್ಧಕಟ್ಟೆಯಿಂದ ಒಂದು ಕರೆ ಬಂತು. ಅಲ್ಲಿ ಹೋಟೆಲು ನಡೆಸುವ, ಊರವರು ವಸಂತಕ್ಕ ಎನ್ನುವ ವಸಂತಿ ಶೆಟ್ಟಿಯವರ ಮನೆಯಲ್ಲಿ ಆಫ್ರಿಕಾದ ವೈದ್ಯೆಯೊಬ್ಬರು ಇದ್ದಾರೆ, ತುಳು ಮಾತಾಡುತ್ತಾರೆ, ಒಳ್ಳೆಯ ಸುದ್ದಿ ಆಗುತ್ತದೆ ಎಂದು ಹೇಳಿದರು. ಮಧ್ಯಾಹ್ನದ ಬಸ್ಸಿಗೆ ಹೋದೆ.

ವೈದ್ಯೆಯ ಹೆಸರು ತಿವೊಂಗೆ. ಮಲಾವಿ ದೇಶದವರು, ವಯಸ್ಸು ಮೂವತ್ತೆರಡು. ತುರ್ತು ಚಿಕಿತ್ಸೆಯಲ್ಲಿ ಒಂದು ವರ್ಷದ ತರಬೇತಿಗಾಗಿ ವಿದ್ಯಾರ್ಥಿ ವೀಸಾದ ಮೇಲೆ ಕರಾವಳಿಯ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಬಂದಿದ್ದರು. ಅವರ ಊರಿನ ಸರಕಾರಿ ಆಸ್ಪತ್ರೆ ರಜೆ ಕೊಟ್ಟು ಕಳಿಸಿತ್ತು. ಹಾವು ಕಡಿತ, ವಿಷ ಸೇವನೆ, ಅಪಘಾತ ಇವುಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗ ತೆರೆಯುವುದಿತ್ತು. ತರಬೇತಿಯ ಪ್ರಮಾಣಪತ್ರ ತಂದರೆ ಆ ವಿಭಾಗ ಇವರಿಗೆ. ಇಲ್ಲದಿದ್ದರೆ ಬೇರೆ ಯಾರಾದರೂ ತರಬೇತಿ ಪಡೆದು ಬರುವವರೆಗೆ ಅದು ತೆರೆಯುವುದಿಲ್ಲ. ಇದು ಅವರೇ ನನಗೆ ಹೇಳಿದ್ದು.

ಜನವರಿ ಆರಂಭದಲ್ಲಿ ಕಾಲೇಜು ಅವರನ್ನು ಸಿದ್ಧಕಟ್ಟೆಯ ಗ್ರಾಮೀಣ ಆರೋಗ್ಯ ಕೇಂದ್ರಕ್ಕೆ ಹಾಕಿತ್ತು. ಅಲ್ಲಿ ಹೆಂಗಸರಿಗೆ ಉಳಿಯುವ ಕೋಣೆ ಇರಲಿಲ್ಲ. ಮೊದಲ ವಾರ ಹಾಸ್ಟೆಲಿನಿಂದ ಎರಡು ಬಸ್ಸು ಬದಲಿಸಿ ಓಡಾಡಿದರು. ಪ್ರತಿ ದಿನ ಮಧ್ಯಾಹ್ನ ವಸಂತಕ್ಕನ ಹೋಟೆಲಿನಲ್ಲಿ ಮೂಲೆಯ ಮೇಜಿನಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ಎಂಟನೆಯ ದಿನ ವಸಂತಕ್ಕ ಎಲೆ ತೆಗೆಯುವಾಗ, "ನಾಳೆಯಿಂದ ಬ್ಯಾಗ್ ಹಿಡ್ಕೊಂಡು ಬಾ ಮಗಾ. ಹಿಂದೆ ಮನೆ ಉಂಟು, ಕೋಣೆ ಉಂಟು" ಎಂದರಂತೆ. ಬಾಡಿಗೆಯ ಮಾತೇ ಬರಲಿಲ್ಲ.

ನಾನು ಹೋದ ದಿನ ತಿವೊಂಗೆ ಹೋಟೆಲಿನ ಒಳಕೋಣೆಯಲ್ಲಿ ಬನ್ಸ್ ಹಿಟ್ಟು ನಾದುತ್ತಿದ್ದರು. ನನ್ನನ್ನು ನೋಡಿ ಕೇಳಿದ ಮೊದಲ ಮಾತು ತುಳುವಿನಲ್ಲಿತ್ತು: "ಒಣಸ್ ಆಂಡಾ?" ಊಟ ಆಯಿತಾ ಎಂದು.

"ರೋಗಿಗಳಿಗೂ ಇದನ್ನೇ ಕೇಳುವುದು ಅವಳು" ಎಂದು ವಸಂತಕ್ಕ ನಕ್ಕರು. "ಹಾವು ಕಚ್ಚಿ ಬಂದವನ ಹತ್ರವೂ ಒಣಸ್ ಆಂಡಾ!"

ವರದಿ ಮೂರನೆಯ ಪುಟದಲ್ಲಿ ಫೋಟೊ ಸಹಿತ ಬಂತು. ನನ್ನ ಅಭ್ಯಾಸದಂತೆ ಯಾವುದನ್ನೂ ಅಂದಾಜಿನಲ್ಲಿ ಬಿಟ್ಟಿರಲಿಲ್ಲ. ಯಾವ ತಿಂಗಳು ಬಂದರು, ಯಾರ ಮನೆ, ಮನೆ ಎಲ್ಲಿ, ಎಷ್ಟು ಕಾಲದಿಂದ ಇದ್ದಾರೆ, ಎಲ್ಲವೂ ಇತ್ತು. "ಕಳೆದ ಮೂರು ತಿಂಗಳಿಂದ ಇಲ್ಲಿಯೇ ವಾಸ" ಎಂಬ ವಾಕ್ಯವೂ ಇತ್ತು. ವಸಂತಕ್ಕ ಅದನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದರು.

ಇಲ್ಲಿ ಒಂದು ನಿಯಮವನ್ನು ವಿವರಿಸಬೇಕು. ವಿದೇಶಿಯರೊಬ್ಬರು ನಮ್ಮಲ್ಲಿ ಉಳಿದುಕೊಂಡರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದಕ್ಕೆ ಆಗ ಫಾರ್ಮ್ ಸಿ ಎನ್ನುತ್ತಿದ್ದರು. ಲಾಡ್ಜು, ಹಾಸ್ಟೆಲು ಮಾತ್ರವಲ್ಲ, ಬಾಡಿಗೆ ಪಡೆಯದ ಮನೆಗೂ ಇದು ಅನ್ವಯಿಸುತ್ತದೆ. ವಿದೇಶಿಯರು ಕೂಡ ವಿಳಾಸ ಬದಲಾದದ್ದನ್ನು ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ವಸಂತಕ್ಕನ ತಮ್ಮ ಜಗನ್ನಾಥ ಮುಂಬಯಿಯ ಲಾಡ್ಜಿನಲ್ಲಿ ವರ್ಷಗಟ್ಟಲೆ ಮ್ಯಾನೇಜರ್ ಆಗಿದ್ದವರು. ನೂರಾರು ಫಾರ್ಮ್ ಸಿ ತುಂಬಿದ ಕೈ. ಆದರೂ ಅಕ್ಕನ ಮನೆಗೆ ಬಂದವಳ ವಿಷಯದಲ್ಲಿ ಅವರಿಗೆ ಅದು ತೋಚಲೇ ಇಲ್ಲ.

ಮೇ ತಿಂಗಳಲ್ಲಿ ತೊಡಕು ಶುರುವಾಯಿತು. ತಿವೊಂಗೆಯವರ ವೀಸಾ ಜೂನ್ ಕೊನೆಗೆ ಮುಗಿಯುತ್ತಿತ್ತು. ತರಬೇತಿಯ ಪರೀಕ್ಷೆ ಜುಲೈ ಎರಡನೆಯ ವಾರಕ್ಕೆ ಹೋಗಿತ್ತು. ಪರೀಕ್ಷೆಯ ದಿನದವರೆಗೆ ವೀಸಾ ಇದ್ದರೆ ಮಾತ್ರ ಪ್ರವೇಶಪತ್ರ ಎಂದು ಕಾಲೇಜು ಹೇಳಿತು. ವಿಸ್ತರಣೆಗೆ ಅರ್ಜಿ ಹಾಕಿದರು. ಕಾಲೇಜಿನ ಗುಮಾಸ್ತರು ಹಿಂದಿನ ಅರ್ಜಿಯಲ್ಲಿದ್ದ ಹಾಸ್ಟೆಲ್ ವಿಳಾಸವನ್ನೇ ಇದಕ್ಕೂ ಹಾಕಿದ್ದರು. ತಿವೊಂಗೆ ಸರಿಯಾಗಿ ಓದದೆ ಸಹಿ ಹಾಕಿದರು.

ಜೂನ್ ಮೊದಲ ವಾರ ನೋಂದಣಿ ಕಚೇರಿಯಿಂದ ಅವರಿಗೆ ನೋಟಿಸು ಬಂತು. ವಾಸದ ವಿಳಾಸದ ಬಗ್ಗೆ ವಿವರಣೆ ಕೇಳಿದ್ದರು. ಜೊತೆಗೆ ಒಂದು ಮುದ್ರಿತ ಹಾಳೆ: ನಮ್ಮ ಪತ್ರಿಕೆಯ ವೆಬ್‌ಸೈಟಿನಿಂದ ತೆಗೆದ ನನ್ನ ವರದಿ. ಅದು ಅಲ್ಲಿಗೆ ಹೇಗೆ ತಲುಪಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. "ಮೂರು ತಿಂಗಳಿಂದ" ಎಂಬಲ್ಲಿ ಪೆನ್ನಿನಿಂದ ಗೆರೆ ಎಳೆದಿದ್ದರು.

ಮರುದಿನ ಜಗನ್ನಾಥ ನನ್ನ ಕಚೇರಿಗೆ ಬಂದರು. ಪತ್ರಿಕೆಗಳ ಕಟ್ಟನ್ನು ಕೆಳಗಿಳಿಸಿದೆ.

"ರಾಯರೇ, ಒಂದು ಉಪಕಾರ ಆಗ್ಬೇಕಲ್ಲ."

"ಹೇಳಿ."

"ತಿಂಗಳು ಅಂತ ಉಂಟಲ್ಲ, ಅದನ್ನು ದಿನ ಅಂತ ಮಾಡಿ ಒಂದು ತಿದ್ದುಪಡಿ ಹಾಕಿ. ಮೂರು ದಿನ ನೆಂಟರ ಹಾಗೆ ಬಂದು ಹೋದದ್ದು, ವಾಸ ಹಾಸ್ಟೆಲಿನಲ್ಲೇ ಅಂತ ಆಗ್ತದೆ."

"ಅದು ಸುಳ್ಳಲ್ಲವಾ?"

"ನಿಮ್ಮ ಪೇಪರಿನಲ್ಲಿ ತೀರಿಕೊಂಡವರೇ ಫೋನ್ ಮಾಡಿ ತಿದ್ದುಪಡಿ ಹಾಕಿಸಿದ್ದುಂಟು ಮಾರಾಯ್ರೆ. ಇದೇನು ಭಾರೀ ದೊಡ್ಡದಾ?"

ಜಗನ್ನಾಥ ಹೇಳಿದ್ದು ನಿಜ. ಒಮ್ಮೆ ಹಾಗೆ ಆಗಿತ್ತು. ನಾನು ನಗಲಿಲ್ಲ. ಸಂಜೆ ಸಿದ್ಧಕಟ್ಟೆಗೆ ಹೋಗಿ ವಸಂತಕ್ಕನಿಗೆ ನಿಯಮ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರೆ ತಡವಾದದ್ದಕ್ಕೆ ದಂಡ ಹಾಕಿ ಬಿಡಬಹುದು, ಆದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಹೇಳಲಾಗದು ಎಂದೆ.

ವಸಂತಕ್ಕನಿಗೆ ಸಿಟ್ಟು ಬಂತು. "ಲಾಡ್ಜಿಗೆ ಬಂದವರ ಹೆಸರು ಠಾಣೆಗೆ ಕೊಡುವುದು. ಮನೆಯಲ್ಲಿ ಉಣ್ಣುವವಳ ಹೆಸರು ಕೊಡ್ಲಿಕ್ಕೆ ನಾವೇನು ಕಳ್ಳರನ್ನು ಇಟ್ಟುಕೊಂಡದ್ದಾ?" ಎಂದರು. ಆಮೇಲೆ ದನಿ ಇಳಿಯಿತು. "ನೀವು ಬರೆದದ್ದರಿಂದ ಆದದ್ದು ರಾಯರೇ. ನೀವೇ ಸರಿ ಮಾಡಿ ಕೊಡಿ."

ನಾನು ಕಚೇರಿಗೆ ಮರಳಿ ತಿದ್ದುಪಡಿ ಟೈಪ್ ಮಾಡಿದೆ. ಇದನ್ನು ಮುಚ್ಚಿಡುವುದಿಲ್ಲ. ಮೂರು ಸಾಲು. "ಮೂರು ದಿನಗಳ ಭೇಟಿ ಎಂದಿರಬೇಕಿತ್ತು, ಪ್ರಮಾದಕ್ಕೆ ವಿಷಾದಿಸುತ್ತೇವೆ." ವೃತ್ತಿಯಲ್ಲಿ ಗೊತ್ತಿದ್ದೂ ಒಂದು ಸುಳ್ಳು ಬರೆದದ್ದು ಅದೇ ಮೊದಲು. ಬರೆಯುವುದು ಕಷ್ಟವೇ ಆಗಲಿಲ್ಲ. ಸಂಪಾದಕೀಯ ಡೆಸ್ಕಿಗೆ ಕಳಿಸುವುದೊಂದೇ ಬಾಕಿ ಇತ್ತು. ಒಂದು ದಿನ ನೋಡುವ ಎಂದು ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ತಿವೊಂಗೆ ಒಬ್ಬರೇ ಬಂದರು. ಜಗನ್ನಾಥ ಕೇಳಿಕೊಂಡದ್ದು ಅವರಿಗೆ ತಿಳಿದಿತ್ತು. ಕೂರಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು.

"ಅದನ್ನು ಹಾಕಬೇಡಿ. ಸುಳ್ಳು ಎಂದು ಗೊತ್ತಾದರೆ ನನ್ನನ್ನು ಕಳಿಸುತ್ತಾರೆ, ಅಷ್ಟೆ. ನಾನು ಹೇಗೂ ಹೋಗುವವಳು. ಅಕ್ಕ ಇಲ್ಲೇ ಇರುವವರು. ಕೇಸು ಅವರ ಮೇಲೆ ಆಗುತ್ತದೆ."

"ಪರೀಕ್ಷೆ?"

"ಇದ್ದದ್ದನ್ನೇ ಬರೆದು ಕೊಡುತ್ತೇನೆ. ವಿಸ್ತರಣೆ ಸಿಕ್ಕಿದರೆ ಪರೀಕ್ಷೆ ಬರೆಯುತ್ತೇನೆ." ಬಾಗಿಲಿನವರೆಗೆ ಹೋಗಿ ನಿಂತರು. "ನಾನು ಬೇಡವೆಂದೆ ಎಂದು ಅಕ್ಕನಿಗೆ ಹೇಳಬೇಡಿ. ಕೇಸಾದರೆ ಆಗಲಿ ಎನ್ನುತ್ತಾರೆ. ತಿದ್ದುಪಡಿ ಹಾಕಿಸಲು ಅವರೇ ಪತ್ರಿಕೆಯ ಮುಖ್ಯ ಕಚೇರಿಗೆ ಹೋಗಿ ಕೂರುತ್ತಾರೆ."

ಹೇಳುವುದಿಲ್ಲ ಎಂದೆ. ಮೂರು ಸಾಲನ್ನು ಅಳಿಸಿದೆ. ಜಗನ್ನಾಥನಿಗೆ ಫೋನ್ ಮಾಡಿ, ತಿದ್ದುಪಡಿ ಹಾಕಲಾಗದು ಎಂದಷ್ಟೇ ಹೇಳಿದೆ.

ನಿಜವಾದ ವಿವರಣೆ ಜೂನ್ ಎರಡನೆಯ ವಾರದಲ್ಲಿ ಹೋಯಿತು. ವಸಂತಕ್ಕ ಕೊನೆಗೂ ಫಾರ್ಮ್ ಸಿ ಸಲ್ಲಿಸಿದರು, ತುಂಬಿದವರು ಜಗನ್ನಾಥ. ಠಾಣೆಯಿಂದ ಒಬ್ಬರು ಬಂದು ಮನೆ ನೋಡಿ ಹೋದರು. ದಂಡ ಕಟ್ಟಿದ್ದಾಯಿತು. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ನಾನು ದಿನ ಬಿಟ್ಟು ದಿನ ನೋಂದಣಿ ಕಚೇರಿಗೆ ಫೋನ್ ಮಾಡಿ ಕೇಳಿದೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ. ನಿಯಮದ ಪ್ರಕಾರ ಅವರು ಮಾಡಿದ್ದರಲ್ಲಿ ತಪ್ಪಿರಲಿಲ್ಲ.

ಜೂನ್ ಕೊನೆಯ ವಾರದವರೆಗೆ ಆದೇಶ ಬರಲಿಲ್ಲ. ಅರ್ಜಿ ಬಾಕಿಯಿರುವಾಗ ಇಲ್ಲಿಯೇ ಇರಬಹುದಿತ್ತು. ಆದರೆ ವಿಸ್ತರಣೆ ಕೊನೆಗೆ ಸಿಗದಿದ್ದರೆ ಅವಧಿ ಮೀರಿ ಉಳಿದ ದಾಖಲೆ ಪಾಸ್‌ಪೋರ್ಟಿನ ಜೊತೆ ಹೋಗುತ್ತದೆ. ಮುಂದೆ ಯಾವ ದೇಶದಲ್ಲಿ ತರಬೇತಿಗೆ ಕೇಳಿದರೂ ಅದನ್ನು ವಿವರಿಸಬೇಕಾಗುತ್ತದೆ. ವಿಳಾಸದ ತಪ್ಪು ಒಂದೇ ಸಾಕು ಎಂದು ತಿವೊಂಗೆ ವೀಸಾ ಮುಗಿಯುವ ಹಿಂದಿನ ದಿನ ಹೊರಟರು. ನಾನು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಅಲ್ಲಿ ವಸಂತಕ್ಕ ಇರುತ್ತಾರೆ ಎಂದು ಗೊತ್ತಿತ್ತು.

ಆದೇಶ ಜುಲೈ ಮೊದಲ ವಾರದಲ್ಲಿ ಬಂತು. ವಿಸ್ತರಣೆ ಮಂಜೂರು. ದಾಖಲೆಯಲ್ಲಿ ಈಗ ಸರಿಯಾದ ವಿಳಾಸ ಇದ್ದುದರಿಂದ ಪ್ರತಿ ಸಿದ್ಧಕಟ್ಟೆಯ ಮನೆಗೇ ಬಂತು. ಪರೀಕ್ಷೆಗೆ ಇನ್ನೂ ಆರು ದಿನ ಇತ್ತು. ದೇಶ ಬಿಟ್ಟು ಹೋದವರಿಗೆ ಆ ವಿಸ್ತರಣೆ ಉಪಯೋಗಕ್ಕೆ ಬರುವುದಿಲ್ಲ. ಹೊಸ ವೀಸಾ ಬೇಕು. ಆರು ದಿನದಲ್ಲಿ ಅದು ಆಗುವ ಕೆಲಸವಲ್ಲ.

ಆಮೇಲೆ ಸಿದ್ಧಕಟ್ಟೆಯಲ್ಲಿ ನಾನು ಮೂರು ಸಾಲು ಹಾಕದೆ ಒಬ್ಬಳ ಪರೀಕ್ಷೆ ತಪ್ಪಿಸಿದವನಾದೆ. ಹೋಟೆಲಿಗೆ ಹೋದರೆ ಚಹಾ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲಿನ ವರದಿಯನ್ನು ಕಿತ್ತಿದ್ದರು, ಅಂಟಿನ ಗುರುತು ಉಳಿದಿತ್ತು. ಮಾತು ಕೊಟ್ಟಿದ್ದರಿಂದ ನಾನು ಏನೂ ಹೇಳಲಿಲ್ಲ. ಸುದ್ದಿಗೆ ಅಲ್ಲಿಂದ ಬರುತ್ತಿದ್ದ ಫೋನುಗಳೂ ಕಡಿಮೆಯಾದವು.

ನಿವೃತ್ತಿಯಾದ ಮೇಲೆ, ಇದನ್ನು ಬರೆಯಬಹುದೇ ಎಂದು ತಿವೊಂಗೆಯವರಿಗೆ ಸಂದೇಶ ಕಳಿಸಿದೆ. ಅವರು ಈಗಲೂ ಅದೇ ಆಸ್ಪತ್ರೆಯಲ್ಲಿ ಸಾಮಾನ್ಯ ವೈದ್ಯೆ. ವಿಭಾಗ ಇನ್ನೂ ತೆರೆದಿಲ್ಲ. "ಬರೆಯಿರಿ, ಹೆಸರುಗಳನ್ನು ಬದಲಿಸಿ. ಮೊದಲು ಅಕ್ಕನಿಗೆ ಹೇಳಿ" ಎಂದು ಉತ್ತರಿಸಿದರು.

ಹೋಗಿ, ತಿದ್ದುಪಡಿ ಬೇಡವೆಂದದ್ದು ತಿವೊಂಗೆಯೇ ಎಂದು ಹೇಳಿದೆ. ವಸಂತಕ್ಕ ಪೂರ್ತಿ ಕೇಳಿದರು. ಲೋಟಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.

"ನೀವು ಯಾವಾಗಲೂ ಇನ್ನೊಬ್ಬರು ಹೇಳಿದ್ದನ್ನೇ ತರುವುದು ರಾಯರೇ. ನಿಮ್ಮದೇ ಅಂತ ಒಂದು ಮಾತು ಉಂಟಾ?"

"ಉಂಟು. ಮೊದಲ ದಿನ ನಿಮ್ಮ ಮನೆಗೆ ಬಂದಾಗ ಆ ಫಾರ್ಮಿನ ನಿಯಮ ನನಗೆ ಗೊತ್ತಿತ್ತು. ಲಾಡ್ಜುಗಳ ಮೇಲೆ ಕೇಸು ಆದದ್ದನ್ನು ನಾನೇ ವರದಿ ಮಾಡಿದ್ದೆ. ಕೊಟ್ಟಿದ್ದೀರಾ ಅಂತ ಕೇಳಲಿಲ್ಲ."

"ಗೊತ್ತಿದ್ದೂ?"

"ಗೊತ್ತಿದ್ದೂ. ಕೇಳಿದರೆ ಸುದ್ದಿ ಕೆಡುತ್ತಿತ್ತು."

ಅವರು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದು ಬಂದೆ.

ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಪ್ರಶ್ನೆಗಳನ್ನು ಹೊಸಬರಿಗೆ ಕಲಿಸಿದವನು ನಾನು. ಅವೆಲ್ಲ ಓದುಗರ ಪರವಾಗಿ ಕೇಳುವಂಥವು. ಎದುರಿಗೆ ಕೂತವರ ಪರವಾಗಿ ಕೇಳಬೇಕಾದದ್ದೂ ಒಂದಿರುತ್ತದೆ. ಅದು ವರದಿಯಲ್ಲಿ ಬರುವುದಿಲ್ಲ, ಅದಕ್ಕೆ ಜಾಗವೂ ಇಲ್ಲ. ಬರೆದದ್ದು ಸರಿಯಿದ್ದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆ ವರದಿಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.