ಡೆಸ್ಮಂಡ್ ಹೇಳಿದ ಹೆಸರು

ತಲೆ ಕೆಟ್ಟು ಕೊಲೆ ಮಾಡಿದರು ಎಂದು ಜೈಲಿನ ಬದಲು ಬೀಗದ ಆಸ್ಪತ್ರೆಗೆ ಹಾಕಿದ ನಮ್ಮ ವಾರ್ಲ್ಪಿರಿ ಹುಡುಗರನ್ನು, ಅಂದರೆ ಆಸ್ಟ್ರೇಲಿಯಾದ ಮರುಭೂಮಿಯ ನಮ್ಮ ಮೂಲನಿವಾಸಿ ಬುಡಕಟ್ಟಿನವರನ್ನು, ಪ್ರತಿ ಬುಧವಾರ ದುಂಡಗೆ ಕೂರಿಸಿ ಮಾತಾಡಿಸುತ್ತಾರೆ. ನಮ್ಮವರೊಬ್ಬರು ಜೊತೆಗಿರಲಿ ಎಂದು ನನಗೂ ಒಂದು ಕುರ್ಚಿ. ಸಂಬಳ ಕೂರುವುದಕ್ಕೆ, ನನ್ನ ಬಾಯಿ ಪುಕ್ಕಟೆ.

ಡೆಸ್ಮಂಡ್ ನನ್ನ ಅಕ್ಕನ ಮಗ. ಕುಡಿದು, ತಲೆಯೊಳಗಿನ ದನಿಗಳ ಮಾತು ಕೇಳಿ, ಸ್ವಂತ ತಮ್ಮನನ್ನು ಇರಿದವನು. ಆ ತಮ್ಮನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಸತ್ತವರ ಹೆಸರೆತ್ತಿದರೆ ಹೋಗುವ ದಾರಿಯಲ್ಲೇ ಅವರು ಹಿಂದೆ ತಿರುಗುತ್ತಾರೆ. ಸತ್ತವರು ಯಾರೇ ಆಗಲಿ, ಹೆಸರಿನ ಬದಲು ಕುಮಂಜಾಯಿ ಅನ್ನುತ್ತೇವೆ, ಅಷ್ಟೆ.

ಅಕ್ಕನ ಕಿಡ್ನಿ ಕೈಕೊಟ್ಟಿತ್ತು. ಇನ್ನು ರಕ್ತ ತೊಳೆಯುವ ಮಿಷನ್ನಿನ ಸಹವಾಸ ಸಾಕು, ಡೆಸ್ಮಂಡನ ಮುಖ ನೋಡಿ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಕಾವಲಿನವರ ಜೊತೆ ಅವನನ್ನು ಕಳಿಸಲು ಡಾಕ್ಟರ್ ಫಿಯೋನಾ ಶಿಫಾರಸು ಮಾಡಬೇಕು.

“ಮಾಡಿದ್ದನ್ನ ಒಪ್ಕೋ, ಡೆಸ್ಮಂಡ್. ಯಾರಿಗೆ ಮಾಡ್ದೆ? ಹೆಸರು ಹೇಳು,” ಅಂದಳು ಫಿಯೋನಾ.

“ಕುಮಂಜಾಯಿಗೆ.”

“ಅದು ಹೆಸರಲ್ಲ.”

ನಾನು ಸುಮ್ಮನಿರಲಿಲ್ಲ. “ತಾಯಿ, ಅವನು ನುಣುಚಿಕೊಳ್ತಿಲ್ಲ. ಸತ್ತವನಿಗೆ ಮರ್ಯಾದೆ ಕೊಡ್ತಿದಾನೆ.”

“ನಂಗೆ ಗೊತ್ತು ಆಂಟಿ. ಮೇಲಿನವರು ಒಪ್ತಿಲ್ಲ. ಪಶ್ಚಾತ್ತಾಪ ಇಲ್ಲ ಅಂತ ನನ್ನ ಶಿಫಾರಸನ್ನ ವಾಪಸ್ ಕಳಿಸ್ತಾರೆ.” ಅವಳ ಕಣ್ಣು ಒದ್ದೆಯಾಗಿತ್ತು. ಕೆಟ್ಟವಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಡೆಸ್ಮಂಡ್ ತಮ್ಮನ ಹೆಸರು ಹೇಳಿಬಿಟ್ಟ. ಪೂರ್ತಿ ಹೆಸರು. ಉಳಿದ ಹುಡುಗರು ಕುರ್ಚಿ ತಳ್ಳಿ ಎದ್ದು, ಅವನಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿದರು.

ಶುಕ್ರವಾರ ಅನುಮತಿ ಬಂತು. ವ್ಯಾನು ಬಾಗಿಲಲ್ಲಿ ನಿಂತಿತ್ತು. ಅವನು ಮಂಚ ಬಿಟ್ಟು ಏಳಲಿಲ್ಲ.

“ಏಳೋ ಮಗನೇ, ಅಮ್ಮ ಕಾಯ್ತಿದಾಳೆ,” ಅಂದೆ.

“ಅವನ್ನ ಕರೆದುಬಿಟ್ನಲ್ಲ ಚಿಕ್ಕಮ್ಮ. ಈಗ ನನ್ನ ಬೆನ್ನ ಹಿಂದೆನೇ ಇದಾನೆ. ಅಮ್ಮನ ಹಾಸಿಗೆ ಹತ್ರಕ್ಕೆ ಹೇಗೆ ಕರ್ಕೊಂಡು ಹೋಗ್ಲಿ?”

ಎಷ್ಟು ಅಂಗಲಾಚಿದರೂ ಅಲುಗಲಿಲ್ಲ. ಕೊನೆಗೆ ನಾನೊಬ್ಬಳೇ ಹೋದೆ. ಅಕ್ಕ ತಲೆ ಬಾಚಿಸಿಕೊಂಡು, ಹೊಸ ಸ್ಕರ್ಟು ಹಾಕಿಸಿಕೊಂಡು ಒರಗಿದ್ದಳು.

“ಬಿಡ್ಲಿಲ್ವಾ?”

“ಇಲ್ಲ ಅಕ್ಕಾ.”

“ಹೆಸರು ಹೇಳು ಅಂತ ಪೀಡಿಸ್ತಿದ್ರಂತೆ. ಹೇಳಿದ್ನಾ?”

“ಪ್ರಾಣ ಹೋದ್ರೂ ಹೇಳಲ್ಲ ಅಂದ.”

ಅಕ್ಕ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ನನ್ನ ಕೈ ಹಿಡಿದು, “ಒಬ್ಬನಾದ್ರೂ ನಂಗೆ ಉಳ್ಕೊಂಡ ಕಣೇ,” ಅಂದಳು.